ಉಸಿರನ್ನು ಮರಳಿ ಉಸಿರಾಡಿದವರು

ಇಂಗ್ಲೆಂಡಿಗೂ ವೇಲ್ಸಿಗೂ ನಡುವಣ ಸೆವರ್ನ್ ಅಳಿವೆಯ ಕೆಳಗೆ ಗ್ರೇಟ್ ವೆಸ್ಟರ್ನ್ ರೈಲ್ವೆಯವರು 1873ರಿಂದ ಕೊರೆಯುತ್ತಿದ್ದ ಸುರಂಗಕ್ಕೆ, ಎಲ್ಲರೂ ಅಂಜುತ್ತಿದ್ದ ನದಿಯಿಂದಲ್ಲದೆ ಯಾರೂ ಎಣಿಸದಿದ್ದ ಕಡೆಯಿಂದ ವಿಪತ್ತು ಬಂದಿತು. 1879ರ ಅಕ್ಟೋಬರಿನಲ್ಲಿ ವೇಲ್ಸ್ ದಡದ ಭೂಗರ್ಭದಲ್ಲಿದ್ದ ಸಿಹಿನೀರಿನ ಒರತೆಯೊಂದು ಒಡೆದು, ಒಂದು ದಿನ ಕಳೆಯುವಷ್ಟರಲ್ಲಿ ಕಾಮಗಾರಿಯನ್ನೆಲ್ಲ ಮುಳುಗಿಸಿಬಿಟ್ಟಿತು. ಜೀವ ಉಳಿಸಿಕೊಳ್ಳಲು ಓಡಿದ ಕೆಲಸಗಾರರು ನದಿಯಡಿಯ ಸುರಂಗದ ಕಬ್ಬಿಣದ ಬಾಗಿಲನ್ನು ತೆರೆದೇ ಬಿಟ್ಟಿದ್ದರು. ಅದನ್ನು ಮುಚ್ಚದ ಹೊರತು ಪಂಪುಗಳು ನೀರನ್ನು ಗೆಲ್ಲುವಂತಿರಲಿಲ್ಲ. ಬಾಗಿಲಾದರೋ ಇಳಿಬಾವಿಯ ಬುಡದಿಂದ ಸುಮಾರು 1000 ಅಡಿ ದೂರದಲ್ಲಿ, ಗಾಢಾಂಧಕಾರದಲ್ಲಿತ್ತು.

1880ರ ನವೆಂಬರಿನಲ್ಲಿ ಆ ಕಾರ್ಯಕ್ಕಾಗಿ ಇಳಿದವನು ಅಲೆಕ್ಸಾಂಡರ್ ಲ್ಯಾಂಬರ್ಟ್ ಎಂಬ ಮುಳುಗುಗಾರ. ಆತನು ಮೊದಲು ಆ ಕಾಲದ ವಾಡಿಕೆಯಂತೆ ತಲೆಗೆ ತಾಮ್ರದ ಶಿರಸ್ತ್ರಾಣವನ್ನೂ ಬೆನ್ನ ಹಿಂದೆ ಗಾಳಿಯ ಕೊಳವೆಯನ್ನೂ ಧರಿಸಿ ಹೋದನು. ಬುಡಮೇಲಾಗಿ ಬಿದ್ದಿದ್ದ ಬಂಡಿಗಳನ್ನೂ ಚದುರಿದ ಹಾರೆ ಗುದ್ದಲಿಗಳನ್ನೂ ತಡವಿಕೊಂಡು ಬಾಗಿಲಿಗೆ ಇನ್ನೇನು ಸಮೀಪಿಸಿದನೆನ್ನುವಾಗ, ನೀರಿನಲ್ಲಿ ಮೇಲಕ್ಕೆ ತೇಲಿ ಸುರಂಗದ ಚಾವಣಿಯ ಮರದ ತೊಲೆಗಳಿಗೆ ಉಜ್ಜಿಕೊಳ್ಳುತ್ತಿದ್ದ ಆ ಕೊಳವೆಯನ್ನು ಮತ್ತೊಂದು ಅಡಿಯೂ ಎಳೆಯಲಾರದೆ ಹಿಂದಿರುಗಬೇಕಾಯಿತು. ಯಾವುದು ಅವನಿಗೆ ಪ್ರಾಣವನ್ನು ಕೊಡುತ್ತಿತ್ತೋ ಅದೇ ಅವನನ್ನು ಕಟ್ಟಿಹಾಕಿತ್ತು.

ಆಗ ಗುತ್ತಿಗೆದಾರ ಥಾಮಸ್ ವಾಕರನು ಹೆನ್ರಿ ಫ್ಲೂಸ್ ಎಂಬುವನ ಹೊಸ ಉಪಕರಣವನ್ನು ತರಿಸಿದನು. ಹಡಗಿನಲ್ಲಿ ದುಡಿದಿದ್ದ ಫ್ಲೂಸನು 1878ರಲ್ಲಿ ರಚಿಸಿದ ಈ ಸಾಧನದ ತತ್ತ್ವವು ಬಹು ಸರಳವಾದುದು. ಮನುಷ್ಯನು ಒಳಗೆಳೆದ ಆಮ್ಲಜನಕದಲ್ಲಿ ಅಲ್ಪಭಾಗವನ್ನು ಮಾತ್ರ ದೇಹಕ್ಕೆ ವ್ಯಯಿಸಿ ಮಿಕ್ಕುದನ್ನು ಹಾಗೆಯೇ ಹೊರಬಿಡುತ್ತಾನೆ. ಆ ನಿಶ್ವಾಸವನ್ನು ನೀರಿಗೆ ಚೆಲ್ಲಗೊಡದೆ, ಕುಲುಮೆಯ ತಿದಿಯಂತೆ ಉಬ್ಬಿ ತಗ್ಗುವ ಚೀಲವೊಂದರಲ್ಲಿ ಹಿಡಿದು, ಕ್ಷಾರದ್ರಾವಣದಲ್ಲಿ ನೆನೆಸಿದ ಹುರಿಯ ಎಳೆಗಳ ಮೂಲಕ ಹಾಯಿಸಿ ಇಂಗಾಲಾಮ್ಲ (ಕಾರ್ಬನ್ ಡೈಆಕ್ಸೈಡ್) ಅನಿಲವನ್ನು ಹೀರಿಸಿ, ವ್ಯಯವಾದಷ್ಟು ಆಮ್ಲಜನಕವನ್ನು ಬೆನ್ನ ಮೇಲಣ ತಾಮ್ರದ ಪಾತ್ರೆಯಿಂದ ಕೂಡಿಸಿ, ಅದೇ ಉಸಿರನ್ನು ಮರಳಿ ಬಾಯಿಗೆ ತರುವುದು. ಕೊಳವೆಯಿಲ್ಲ, ಗುಳ್ಳೆಯಿಲ್ಲ. ಫ್ಲೂಸನು ತಾನೇ ಇಳಿದು ನೋಡಿದನಾದರೂ ಮುಳುಗುವುದು ಅವನ ಕಸಬಲ್ಲದ್ದರಿಂದ ಹಿಂದಕ್ಕೆ ಬಂದನು. ಲ್ಯಾಂಬರ್ಟನು ಅಪರಿಚಿತವಾದ ಆ ಯಂತ್ರವನ್ನು ಧರಿಸಿ ಹೊರಟು, ಬಾಗಿಲಿಗೆ ಅಡ್ಡಲಾಗಿದ್ದ ಎರಡು ಕಂಬಿಗಳಲ್ಲಿ ಒಂದನ್ನು ಕಿತ್ತು ಹಿಂದಿರುಗಿ, ಹಾರೆಯೊಡನೆ ಮತ್ತೆ ಹೋಗಿ ಇನ್ನೊಂದನ್ನೂ ಕಿತ್ತು, ಬಾಗಿಲನ್ನು ಮುಚ್ಚಿಯೇ ಬಂದನು. ಅಲ್ಲಿದ್ದ ಕವಾಟದ ತಿರುಪನ್ನೂ ತನಗೆ ಹೇಳಿದ್ದಷ್ಟು ಸುತ್ತು ತಿರುಗಿಸಿದ್ದನು. ನೀರು ಬತ್ತಿದ ಮೇಲೆ ನೋಡಲಾಗಿ ಅದು ಎಡಗಡೆಗೆ ತಿರುಗುವ ತಿರುಪಾಗಿದ್ದು, ಮೊದಲೇ ಮುಚ್ಚಿದ್ದ ಕವಾಟವನ್ನು ಪಾಪ ಆ ಧೀರನು ತೆರೆದುಬಂದಿದ್ದನು. ಆದರೂ ಕಾರ್ಯ ಕೆಡಲಿಲ್ಲ. 1886ರಲ್ಲಿ ಸುರಂಗದಲ್ಲಿ ರೈಲು ಓಡಿತು.

ಈ ಜಯವನ್ನು ಎಷ್ಟು ಕೊಂಡಾಡಿದರೂ, ಇದರಲ್ಲಿ ಅಡಗಿದ್ದ ಅಪಾಯವು ಇದಕ್ಕಿಂತ ಗಣನೀಯವಾದುದೆಂದು ನನಗೆ ತೋರುತ್ತದೆ. ಒತ್ತಡದಲ್ಲಿ ಶುದ್ಧ ಆಮ್ಲಜನಕವೇ ವಿಷವಾಗುತ್ತದೆಂಬುದನ್ನು ಫ್ರಾನ್ಸಿನ ಪಾಲ್ ಬರ್ಟನು ಪ್ರಕಟಿಸಿದ್ದೂ ಅದೇ 1878ರಲ್ಲಿ. ಆದರೆ ಆ ಮಾತಿನ ಪೂರ್ಣಾರ್ಥವು ಮುಳುಗುಗಾರರಿಗೆ ತಿಳಿದದ್ದು ಎರಡನೆಯ ಮಹಾಯುದ್ಧದಲ್ಲಿ. ಸ್ಕಾಟ್ಲೆಂಡಿನ ಲಾಕ್ ಎರಿಸಾರ್ಟ್, ಲಾಕ್ ಕೇರ್ನ್‌ಬಾನ್ ಎಂಬ ಶೀತಲ ಕಡಲಕೊಲ್ಲಿಗಳಲ್ಲಿ ಬ್ರಿಟಿಷ್ ನಾವಿಕರು ‘ಚಾರಿಯಟ್’ ಎಂಬ ಮಾನವಚಾಲಿತ ಟಾರ್ಪೆಡೋಗಳ ಮೇಲೆ ಕುಳಿತು ಆಮ್ಲಜನಕವನ್ನು ಉಸಿರಾಡುತ್ತ ಅಭ್ಯಾಸ ನಡೆಸಿದರು. ತಾವು ತೊಟ್ಟ ರಬ್ಬರು ಉಡುಪಿಗೆ ಅವರೇ ‘ಜಿಗುಟು ಮೃತ್ಯು’ ಎಂಬರ್ಥದ ಹೆಸರನ್ನಿಟ್ಟಿದ್ದರು. 1942ರ ಅಕ್ಟೋಬರಿನಲ್ಲಿ ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆಯನ್ನು ಅರಸಿ ನಾರ್ವೆಯ ಟ್ರೋಂಡ್‌ಹೈಮ್ ಕೊಲ್ಲಿಯೊಳಕ್ಕೆ ಹೋದಾಗ, ಮೀನುದೋಣಿಯ ಕೆಳಗೆ ಎಳೆದೊಯ್ಯುತ್ತಿದ್ದ ಎರಡು ಚಾರಿಯಟ್‌ಗಳೂ ಕಳಚಿ ಕಾಣೆಯಾದುವು. ಅತ್ತ ಕೆನ್ನೆತ್ ಡೊನಾಲ್ಡ್ ಎಂಬ ನೌಕಾ ವೈದ್ಯನು, ಸ್ವಯಂಸೇವಕರಾದ ಮುಳುಗುಗಾರರು ಪರೀಕ್ಷೆಗಾಗಿ ಆಮ್ಲಜನಕದ ವಿಷದಿಂದ ಬರುವ ಸೆಳವಿನ ಯಾತನೆಯನ್ನು ಮೈಮೇಲೆ ಎಳೆದುಕೊಂಡದ್ದರಿಂದ, ಆಮ್ಲಜನಕವನ್ನು ಸಹಿಸುವ ಶಕ್ತಿ ವ್ಯಕ್ತಿಯಿಂದ ವ್ಯಕ್ತಿಗೂ, ಒಬ್ಬನಲ್ಲಿಯೇ ದಿನದಿಂದ ದಿನಕ್ಕೂ ಬದಲಾಗುವುದೆಂದೂ, ಒಣ ಕೋಣೆಯಲ್ಲಿರುವುದಕ್ಕಿಂತ ನೀರಿನಲ್ಲಿ ಕುಗ್ಗುವುದೆಂದೂ ಸಾಧಿಸಿ ತೋರಿಸಿ, 25 ಅಡಿಯ ಕೆಳಗೆ ಶುದ್ಧ ಆಮ್ಲಜನಕವನ್ನು ನಂಬಲಾಗದೆಂದು ನಿರ್ಣಯಿಸಿದನು. ಆ ಅನಾಮಧೇಯ ಸ್ವಯಂಸೇವಕರ ಋಣ ದೊಡ್ಡದು.

ಅಲ್ಲಿಂದ ಮುಂದಿನ ದಾರಿ ಆಮ್ಲಜನಕವನ್ನು ಬೇರೆ ಅನಿಲದೊಡನೆ ಬೆರೆಸುವ ಅನಿಲಮಿಶ್ರಣದ್ದು. 1960ರ ದಶಕದ ಕೊನೆಯಲ್ಲಿ ವಾಲ್ಟರ್ ಸ್ಟಾರ್ಕ್, ಜಾನ್ ಕ್ಯಾನ್ವಿಷರ್ ಎಂಬ ಅಮೆರಿಕನ್ನರು ‘ಎಲೆಕ್ಟ್ರೊಲಂಗ್’ ಎಂಬ ರಿಬ್ರೀದರಿನಲ್ಲಿ, ಎಂದರೆ ಉಸಿರನ್ನು ಮರಳಿ ಬಳಸುವ ಉಪಕರಣದಲ್ಲಿ, ವಿದ್ಯುತ್ ಸಂವೇದಕಗಳಿಂದ ಆಮ್ಲಜನಕದ ಪ್ರಮಾಣವನ್ನು ಅಳೆದು ಸರಿಪಡಿಸುವ ವ್ಯವಸ್ಥೆ ಮಾಡಿದರು. ಇಂಥ ಉಪಕರಣದಲ್ಲಿ ಹೀಲಿಯಮ್ ಬೆರೆತ ಮಿಶ್ರಣವನ್ನು ಉಸಿರಾಡುತ್ತ 100 ಮೀಟರಿನ ಆಚೆಗೂ ಮನುಷ್ಯನು ಹೋಗಬಲ್ಲವನಾದನು.

ಆದರೆ ಶೈತ್ಯವು ಯಾರಿಗೂ ವಿನಾಯಿತಿ ನೀಡುವುದಿಲ್ಲ. ಇಂಗಾಲಾಮ್ಲವನ್ನು ಹೀರುವ ಸುಣ್ಣದ ಪುಡಿಯು ತಣ್ಣೀರಿನಲ್ಲಿ ಮಂದವಾಗುತ್ತದೆ; ಆಳದಲ್ಲಿ ಸಾಂದ್ರವಾದ ಅನಿಲವನ್ನು ಎಳೆಯುವ ಶ್ರಮವೇ ದೇಹದಲ್ಲಿ ಇಂಗಾಲಾಮ್ಲವನ್ನು ಹೆಚ್ಚಿಸುತ್ತದೆ; ಹೆಚ್ಚಿದ ಇಂಗಾಲಾಮ್ಲವು ಉಸಿರನ್ನು ಮತ್ತಷ್ಟು ಅವಸರಪಡಿಸುತ್ತದೆ. 2014ರ ಫೆಬ್ರುವರಿಯಲ್ಲಿ, ಉತ್ತರಧ್ರುವವೃತ್ತದ ಸಮೀಪದಲ್ಲಿರುವ ನಾರ್ವೆಯ ಪ್ಲೂರಾ ಗುಹೆಯನ್ನು ನೀರಿನಡಿಯಲ್ಲಿಯೇ ದಾಟಹೊರಟ ಫಿನ್ಲೆಂಡಿನ ಐವರಲ್ಲಿ ಇಬ್ಬರು, 100 ಮೀಟರಿಗಿಂತಲೂ ಆಳದಲ್ಲಿ ಪ್ರಾಣಬಿಟ್ಟರು. ಬ್ರಿಟನ್ನಿನಿಂದ ಬಂದ ನಿಪುಣರು ಶವಗಳನ್ನು ಎತ್ತುವುದು ಅತಿ ಅಪಾಯಕರವೆಂದು ಹಿಂದೆಗೆದ ಬಳಿಕ ಅಧಿಕಾರಿಗಳು ಗುಹೆಯಲ್ಲಿ ಮುಳುಗುವುದನ್ನು ನಿಷೇಧಿಸಿದರು. ಮಾರ್ಚಿನಲ್ಲಿ, ಬದುಕುಳಿದವರೂ ಅವರ ಗೆಳೆಯರೂ ಆ ನಿಷೇಧವನ್ನು ಮೀರಿ ಅದೇ ನೀರಿಗೆ ಇಳಿದು, ಇಬ್ಬರನ್ನೂ ಮೇಲಕ್ಕೆ ತಂದು ಅವರವರ ಮನೆಯವರಿಗೆ ಮರಳುವಂತೆ ಮಾಡಿದರು.