ಅಧಿಕಾರ ಮೊದಲು, ತರಬೇತಿ ಆಮೇಲೆ

1872ರಲ್ಲಿ ಟೇಲರ್ ವಿರುದ್ಧ ಟೇಂಟರ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ತಪ್ಪಿಸಿಕೊಂಡ ಆರೋಪಿಯನ್ನು ಜಾಮೀನುದಾರ ಬೇರೆ ರಾಜ್ಯದವರೆಗೂ ಬೆನ್ನಟ್ಟಬಹುದು, ಅಗತ್ಯಬಿದ್ದರೆ ಅವನ ಮನೆಯ ಬಾಗಿಲನ್ನೂ ಮುರಿಯಬಹುದು ಎಂದಿತು. ಈ ಕೆಲಸವನ್ನು ತನ್ನ ಪರವಾಗಿ ಇನ್ನೊಬ್ಬರಿಗೆ ವಹಿಸಲೂ ಅವಕಾಶವಿತ್ತು. ಇಷ್ಟು ದೊಡ್ಡ ಅಧಿಕಾರಕ್ಕೆ ತಕ್ಕ ತರಬೇತಿಯನ್ನು ಕ್ಯಾಲಿಫೋರ್ನಿಯಾ ಕಡ್ಡಾಯಗೊಳಿಸಿದ್ದು 1999ರ ಕಾನೂನಿನಿಂದ; ಹೀಗೆ ಬೆನ್ನಟ್ಟುವವರಿಗೆ ಪ್ರತ್ಯೇಕ ಲೈಸೆನ್ಸ್ ಬಂದದ್ದು 2023ರಲ್ಲಿ.

ಜಾಮೀನು ಎಂಬುದು ಜಾಮೀನುದಾರ ಮತ್ತು ಆರೋಪಿಯ ನಡುವಿನ ಖಾಸಗಿ ಕರಾರು, ಇಲ್ಲಿ ಸರ್ಕಾರಕ್ಕೇನು ಕೆಲಸ ಎಂಬ ಆಕ್ಷೇಪವಿದೆ. ಆದರೆ ಆರೋಪಿಯ ಮನೆಯವರು, ನೆರೆಹೊರೆಯವರು ಆ ಕರಾರಿಗೆ ಸಹಿ ಹಾಕಿದವರಲ್ಲ. ತಪ್ಪು ಬಾಗಿಲು ಮುರಿದರೆ ನೋಯುವವರು ಅವರೇ. ತರಬೇತಿಯ ಸರ್ಟಿಫಿಕೇಟ್ ಕೊಟ್ಟರೆ ಹಣಕ್ಕಾಗಿ ಆರೋಪಿಗಳನ್ನು ಬೆನ್ನಟ್ಟುವ ಈ ದಂಧೆಗೇ ಮಾನ್ಯತೆ ಕೊಟ್ಟಂತೆ ಎನ್ನುವವರಿಗೆ ಕೆಂಟಕಿ ದಾರಿ ತೋರಿದೆ: ಅದು 1976ರಲ್ಲೇ ಶುಲ್ಕ ಪಡೆದು ಕೊಡುವ ವಾಣಿಜ್ಯ ಜಾಮೀನನ್ನು ನಿಷೇಧಿಸಿತು. ನಿಷೇಧಿಸದ ರಾಜ್ಯಗಳು ತರಬೇತಿಯನ್ನಾದರೂ ಕಡ್ಡಾಯ ಮಾಡಲೇಬೇಕು.