ಕಾಳಿ ನದಿಯ ಅಳಿವೆಯಲ್ಲಿ ಕಾರವಾರ: ನಾವು ಮರೆತ ಪುಟಗಳು

ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಯು ಸುಮಾರು 184 ಕಿ.ಮೀ. ಹರಿದು ಅರಬಿ ಸಮುದ್ರವನ್ನು ಸೇರುವ ಅಳಿವೆಯಲ್ಲಿ ಕಾರವಾರವಿದೆ. ನದಿಯ ಉತ್ತರ ದಡದಲ್ಲಿ ಸದಾಶಿವಗಡದ ಗುಡ್ಡ, ನಗರದ ದಕ್ಷಿಣಕ್ಕೆ ಬೈತಖೋಲ ಬಂದರು. ಈ ಪುಟ್ಟ ನಗರದ ಇತಿಹಾಸವನ್ನು ಹೇಳುವವರು ಹೆಚ್ಚಾಗಿ ಆಂಗ್ಲರ ಕೋಠಿಯಿಂದ ಆರಂಭಿಸುತ್ತಾರೆ. ಆದರೆ ಕಡಲಿನ ಕಥೆ ಅದಕ್ಕಿಂತ ಹಳೆಯದು.

ಬೈತಖೋಲ ಎಂಬುದು ಅರಬಿ ಮೂಲದ ಹೆಸರು, ಸುರಕ್ಷಿತ ಕೊಲ್ಲಿ ಎಂಬುದೇ ಅದರ ಅರ್ಥ ಎಂಬ ಹೇಳಿಕೆ ಬಹುಕಾಲದಿಂದ ಇದೆ. ಹೆಸರಿನ ಮೂಲವೇನೇ ಇರಲಿ, ಕಡಲಿಗೆ ಚಾಚಿದ ಗುಡ್ಡವು ಮುಂಗಾರಿನ ಅಬ್ಬರದಿಂದ ಹಡಗುಗಳಿಗೆ ಆಸರೆ ನೀಡುವುದನ್ನು ಇಂದಿಗೂ ಕಣ್ಣಾರೆ ಕಾಣಬಹುದು. ಘಟ್ಟದ ಕಾಳುಮೆಣಸು, ಏಲಕ್ಕಿ, ಹುಬ್ಬಳ್ಳಿಯ ಕಡೆಯ ಮಸ್ಲಿನ್ ಬಟ್ಟೆ ಇಲ್ಲಿಂದ ಹಡಗು ಏರುತ್ತಿದ್ದವು. 1638ರಲ್ಲಿ ಆಂಗ್ಲರು ಕೋಠಿ ತೆರೆದಾಗ ಈ ನಾಡು ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿತ್ತು. ಅವರು ಕರಾವಳಿಯ ವ್ಯಾಪಾರವನ್ನು ಸೃಷ್ಟಿಸಲಿಲ್ಲ, ಅದನ್ನು ಹುಡುಕಿಕೊಂಡು ಬಂದರು.

ಸೋಂದೆಯ ಅರಸರು ಕಟ್ಟಿಸಿದ ಸದಾಶಿವಗಡದ ಕೋಟೆ 1752ರಲ್ಲಿ ಪೋರ್ಚುಗೀಸರ ವಶವಾಯಿತು. 1763ರಲ್ಲಿ ಹೈದರ್ ಅಲಿಯ ಸೇನೆ ಅದನ್ನು ಗೆದ್ದುಕೊಂಡಿತು. ಕೊನೆಗೆ ಅದೂ ಆಂಗ್ಲರ ಪಾಲಾಯಿತು. ಇಂದು ಕೋಟೆಯಿಂದ ಉಳಿದಿರುವುದು ಅವಶೇಷ ಮಾತ್ರ. ಆದರೆ ಸದಾಶಿವಗಡದಲ್ಲಿ ದುರ್ಗಾದೇವಿಯ ಗುಡಿಗೂ ಸೂಫಿ ಪೀರರ ದರ್ಗಾಕ್ಕೂ ಜನ ಇಂದಿಗೂ ಬರುತ್ತಾರೆ.

ಕಾರವಾರ, ಅಂಕೋಲಾಗಳನ್ನು ದಾಟಿ ದಕ್ಷಿಣಕ್ಕೆ ಸಾಗಿದರೆ ಶರಾವತಿಯ ಅಳಿವೆಯಲ್ಲಿ ಹೊನ್ನಾವರ ಸಿಗುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತಾ, ಸುಲ್ತಾನ್ ಜಮಾಲುದ್ದೀನ್ ಹರಿಯಬ್ ಎಂಬ ಹಿಂದೂ ಅರಸನ ಅಧೀನದಲ್ಲಿ ಆಳುತ್ತಿದ್ದನೆಂದು ಬರೆದಿದ್ದಾನೆ. ಈ ಅರಸ ವಿಜಯನಗರದ ಹರಿಹರನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆ ಊರಿನಲ್ಲಿ ಗಂಡುಮಕ್ಕಳಿಗೆ 23 ಶಾಲೆಗಳಿದ್ದವು, ಹೆಣ್ಣುಮಕ್ಕಳಿಗೆ 13. ಅಲ್ಲಿನ ಸ್ತ್ರೀಯರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದರು. ಲೋಕ ಸುತ್ತಿದ ಆ ಪ್ರವಾಸಿಗೆ ಇಂತಹ ದೃಶ್ಯ ಬೇರೆಲ್ಲೂ ಕಂಡಿರಲಿಲ್ಲ.

ಪೂರ್ವಿಕರ ಹೆಸರು ಹೇಳಿ ಬೀಗುವುದು ಸುಲಭ. ಆ ದಾಖಲೆ ನಮ್ಮನ್ನು ಪ್ರಶ್ನಿಸುತ್ತದೆ ಎಂಬುದನ್ನು ಒಪ್ಪುವುದು ಕಷ್ಟ. ಸುಮಾರು ಏಳು ಶತಮಾನಗಳ ಹಿಂದೆ ಈ ಕರಾವಳಿಯ ಒಂದು ಊರು ತನ್ನ ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ನಡೆಸಿತು. ಇಂದು ಮಗಳ ಓದನ್ನು ಅರ್ಧಕ್ಕೆ ನಿಲ್ಲಿಸುವ ಮುನ್ನ ಆ ಊರನ್ನು ನಾವೊಮ್ಮೆ ನೆನೆಯಬೇಕು. ಕೋಟೆ, ಕೋಠಿಗಳು ಕೈಬದಲಾದವು. ವಿದ್ಯೆಯ ಆ ಪರಂಪರೆಯನ್ನು ನಮ್ಮಿಂದ ಯಾರೂ ಗೆದ್ದು ಕಸಿದುಕೊಳ್ಳಲಿಲ್ಲ. ಅದು ಕ್ಷೀಣಿಸಿದ್ದರೆ, ಕಾರಣವನ್ನು ಮೊದಲು ನಮ್ಮ ಮನೆಗಳಲ್ಲೇ ಹುಡುಕಬೇಕು.