ಅಲ್ಪಾವಧಿ ಯಾರದು? ಮೇ ಲಾ ನಿರಾಶ್ರಿತ ಶಿಬಿರಕ್ಕೆ ಬರುವ ಕ್ರೈಸ್ತ ಸಭಾತಂಡಗಳನ್ನು ಕುರಿತ ಒಂದು ವಿಚಾರ

ಅಮೆರಿಕ ಮೊದಲಾದ ದೇಶಗಳ ಕ್ರೈಸ್ತ ಸಭೆಗಳಿಂದ ಹತ್ತು ಹದಿನೈದು ಮಂದಿ ವಿಶ್ವಾಸಿಗಳು ಕೂಡಿ, ಒಂದೆರಡು ವಾರಗಳ ಮಟ್ಟಿಗೆ ದೂರದೇಶದ ದೀನರ ನಡುವೆ ಸೇವೆಗೆಂದು ಹೋಗಿ ಮರಳುವ ಪದ್ಧತಿಗೆ ವಿದ್ವಾಂಸರು ‘ಅಲ್ಪಾವಧಿ ಮಿಷನ್’ ಎಂಬ ಹೆಸರನ್ನಿತ್ತಿದ್ದಾರೆ. ಇದರ ವ್ಯಾಪ್ತಿಯ ವಿಷಯದಲ್ಲಿ ಹೆಚ್ಚಿನ ವಿವಾದವಿಲ್ಲ: ಅಮೆರಿಕವೊಂದರಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಮಂದಿ ಹೀಗೆ ಹೋಗಿಬರುತ್ತಾರೆಂಬುದು 2009ರ ತಮ್ಮ ಗ್ರಂಥದಲ್ಲಿ ರಾಬರ್ಟ್ ವುತ್ನೋ ಅವರು ಮಾಡಿದ ಅಂದಾಜು. ರಾಬರ್ಟ್ ಪ್ರೀಸ್ಟ್ ಮತ್ತು ಅವರ ಸಂಗಡಿಗರು 2006ರಲ್ಲಿ ಈ ಪಯಣಗಳನ್ನು ತೀರ್ಥಯಾತ್ರೆಗೆ ಹೋಲಿಸಿದರು. ಹೊರಡುವ ಮೊದಲೇ ಸಭೆಯಲ್ಲಿ ಕೇಳಿದ ಕಥನಗಳು ಯಾತ್ರಿಕನ ಅನುಭವಕ್ಕೆ ಅಚ್ಚು ಹಾಕಿರುತ್ತವೆಂಬುದನ್ನು ಬ್ರಯನ್ ಹೊವೆಲ್ 2012ರಲ್ಲಿ ವಿವರಿಸಿದರು. ಇವೆಲ್ಲ ಅತಿಥಿಯ ಅಂತರಂಗವನ್ನು ಕುರಿತ ಶೋಧಗಳು. ಆತಿಥೇಯರ ಮನೆಬಾಗಿಲಿಗೇ ಹೋಗಿ ಪ್ರಶ್ನೆ ಕೇಳಿದ ಕೆಲವೇ ವಿದ್ವಾಂಸರಲ್ಲಿ ಕರ್ಟ್ ವೆರ್ ಬೀಕ್ ಮುಖ್ಯರಾದುದರಿಂದ, ಈ ಲೇಖನದ ಭಿನ್ನಾಭಿಪ್ರಾಯವೂ ಅವರೊಡನೆಯೇ.

1998ರ ಮಿಚ್ ಚಂಡಮಾರುತದಲ್ಲಿ ಮನೆ ಕಳೆದುಕೊಂಡ ಹೊಂಡುರಾಸಿನ ಕುಟುಂಬಗಳನ್ನು ವೆರ್ ಬೀಕ್ ಸಂದರ್ಶಿಸಿದರು. ಕೆಲವರಿಗೆ ಉತ್ತರ ಅಮೆರಿಕದ ಸಭಾತಂಡಗಳು ಮನೆ ಕಟ್ಟಿಕೊಟ್ಟಿದ್ದವು. ಕೆಲವರಿಗೆ ಸ್ಥಳೀಯ ಕ್ರೈಸ್ತ ಸಂಸ್ಥೆಗಳು. 2006ರಲ್ಲಿ ಪ್ರಕಟವಾದ ಫಲಿತಾಂಶವು ಉಭಯರ ಬಾಳಿನಲ್ಲಿ ಗಣನೀಯ ವ್ಯತ್ಯಾಸವನ್ನೇನೂ ತೋರಿಸಲಿಲ್ಲ. ಹಿಂದಿರುಗಿದ ಯಾತ್ರಿಕರು ತಮ್ಮ ದಾನಬುದ್ಧಿ ಹೆಚ್ಚಿತೆಂದು ಹೇಳಿಕೊಂಡರೂ ಕಾಣಿಕೆಯ ಲೆಕ್ಕಪತ್ರಗಳು ಆ ಮಾತನ್ನು ಹೆಚ್ಚೇನೂ ಬೆಂಬಲಿಸಲಿಲ್ಲ. ಹೊಂಡುರಾಸಿನ ಮಟ್ಟಿಗೆ ಈ ನಿರ್ಣಯವನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಆದರೆ ಇದನ್ನೇ ಸರ್ವತ್ರ ಅನ್ವಯಿಸುವ ಸೂತ್ರವೆಂದು ಭಾವಿಸಿ, ನಿರಾಶ್ರಿತ ಶಿಬಿರಗಳಿಗೆ ಹೋಗುವ ತಂಡಗಳನ್ನೂ ಅದೇ ಅಳತೆಗೋಲಿನಿಂದ ಅಳೆಯುವುದು ಯುಕ್ತವೇ ಎಂಬುದು ನನ್ನ ಸಂದೇಹ.

ಥಾಯ್ಲೆಂಡಿನ ಟಾಕ್ ಪ್ರಾಂತದಲ್ಲಿ, ಮೇ ಸೋಟ್ ಪಟ್ಟಣದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳ ಬುಡದಲ್ಲಿ ಮೇ ಲಾ ಶಿಬಿರವಿದೆ. ಬರ್ಮಾದ ಸೇನೆಗೂ ಆ ದೇಶದ ಅಲ್ಪಸಂಖ್ಯಾತ ಜನಾಂಗವಾದ ಕರೆನ್ನರಿಗೂ 1949ರಿಂದ ನಡೆದುಬಂದ ಕಾಳಗದ ಫಲವಾಗಿ 1984ರಲ್ಲಿ ಹುಟ್ಟಿ, 1995ರಲ್ಲಿ ಕರೆನ್ನರ ಕೇಂದ್ರವಾದ ಮನೆರ್‌ಪ್ಲಾ ಬಿದ್ದಮೇಲೆ ವಿಸ್ತಾರಗೊಂಡ ಈ ಶಿಬಿರವು ಥಾಯ್-ಬರ್ಮಾ ಗಡಿಯ ಒಂಬತ್ತು ಶಿಬಿರಗಳಲ್ಲಿ ಅತ್ಯಂತ ದೊಡ್ಡದು. ಥಾಯ್ಲೆಂಡ್ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿದ ರಾಷ್ಟ್ರವಲ್ಲ. ಶಿಬಿರವಾಸಿಗಳು ಅಲ್ಲಿನ ಸರ್ಕಾರದ ದೃಷ್ಟಿಯಲ್ಲಿ ಇಂದೋ ನಾಳೆಯೋ ಮರಳಬೇಕಾದವರು. ಆದುದರಿಂದ ಇಟ್ಟಿಗೆ ಸಿಮೆಂಟುಗಳ ಶಾಶ್ವತವಾದ ಮನೆಗಳನ್ನು ಅವರು ಕಟ್ಟಿಕೊಳ್ಳುವಂತಿರಲಿಲ್ಲ. ಬಿದಿರಿನ ಗೋಡೆ, ಬಿದಿರಿನ ನೆಲ, ಒಣಗಿದ ಎಲೆಗಳನ್ನು ಪೋಣಿಸಿ ಹೊದಿಸಿದ ಮಾಡು, ಇಷ್ಟರಲ್ಲಿಯೇ ಒಂದು ತಲೆಮಾರು ಹುಟ್ಟಿ ಬೆಳೆದು ಮಕ್ಕಳನ್ನು ಹೆತ್ತಿತು. ಹೀಗಿರಲು, ಹೊಂಡುರಾಸಿನಲ್ಲಿ ಅಳೆಯಲಾದ ವಸ್ತುವೇ, ಎಂದರೆ ಅತಿಥಿಯು ಕಟ್ಟಿ ಬಿಟ್ಟುಹೋಗುವ ಮನೆಯೇ, ಇಲ್ಲಿ ಸಂಭವಿಸಲಾರದು. ಇಲ್ಲಿಗೆ ಬರುವ ತಂಡಕ್ಕೆ ಪಾಠ ಹೇಳುವುದು, ಹಾಡುವುದು, ಪ್ರಾರ್ಥಿಸುವುದು, ಜೊತೆಯಲ್ಲಿ ಕುಳಿತು ಉಣ್ಣುವುದು, ಇವೇ ಸಾಧ್ಯವಾದ ಕೆಲಸಗಳು.

ಅತಿಥಿಯು ಸುವಾರ್ತೆಯನ್ನು ತರುತ್ತಾನೆಂಬ ಮಾತೂ ಇಲ್ಲಿ ನಿಲ್ಲುವುದಿಲ್ಲ. ಅಮೆರಿಕದ ಕ್ರೈಸ್ತ ಮಿಷನರಿ ಅಡೊನಿರಾಮ್ ಜಡ್ಸನ್ 1813ರಲ್ಲಿ ಬರ್ಮಾದ ರಂಗೂನಿಗೆ ಬಂದರು. 1828ರಲ್ಲಿ ದೀಕ್ಷಾಸ್ನಾನ ಪಡೆದ ಕೊ ಥಾ ಬ್ಯೂ ಎಂಬ ಕರೆನ್ನನು ತಾನೇ ಕಾಡುಮೇಡುಗಳನ್ನಲೆದು ಸ್ವಜನರಲ್ಲಿ ಆ ಮತವನ್ನು ಬಿತ್ತಿದನು. ಕರೆನ್ ನುಡಿಗಳಲ್ಲೊಂದಾದ ಸ್ಗಾದಲ್ಲಿ ಸಂಪೂರ್ಣ ಬೈಬಲ್ಲು ಹೊರಬಂದುದು 1853ರಲ್ಲಿ. ನಮ್ಮ ನಿಘಂಟುಕಾರ ಕಿಟ್ಟೆಲ್ಲರು ಭಾರತದ ನೆಲದಲ್ಲಿ ಕಾಲಿಟ್ಟುದೂ ಅದೇ ವರ್ಷ. ಸಂದರ್ಶಕರ ಸಭೆಗಳಲ್ಲಿ ಎಷ್ಟೋ ಸಭೆಗಳಿಗಿಂತ ಪ್ರಾಚೀನವಾದ ವಿಶ್ವಾಸ ಈ ಬಿದಿರಿನ ಗುಡಿಸಲುಗಳಲ್ಲಿದೆ.

ಈಗ ಮುಖ್ಯ ವಿವಾದಕ್ಕೆ ಬರೋಣ. ‘ಅಲ್ಪಾವಧಿ’ ಎಂಬ ಪದದಲ್ಲಿಯೇ ಒಂದು ಪಕ್ಷಪಾತ ಅಡಗಿದೆಯೆಂದು ನನಗೆ ತೋರುತ್ತದೆ. ಹದಿನೈದು ದಿನ ಎಂಬುದು ಬಂದವನ ಲೆಕ್ಕ. ಒಂದು ತಂಡ ಹೋದಮೇಲೆ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು, ಹೀಗೆ ವರ್ಷಾನುಗಟ್ಟಲೆ ಬರುವವರನ್ನು ಎದುರುಗೊಂಡು, ಅದೇ ಹಾಡನ್ನು ಮಕ್ಕಳಿಂದ ಹಾಡಿಸಿ, ಊರು ಬಿಟ್ಟು ಓಡಿಬಂದ ಅದೇ ಕಥೆಯನ್ನು ಮತ್ತೆ ಹೇಳುವ ಸಭಾಪಾಲಕನಿಗೆ ಅದು ಜೀವಮಾನದ ಉದ್ಯೋಗ. ವೆರ್ ಬೀಕ್ ಅವರು ಒಂದು ಭೇಟಿಯ ಫಲವನ್ನು ಅದು ಬಿಟ್ಟುಹೋದ ವಸ್ತುವಿನಲ್ಲಿ ಹುಡುಕಿದರು. ಶಿಬಿರದಲ್ಲಿ ಫಲವಿದ್ದರೆ ಅದು ಭೇಟಿಗಳ ಸರಣಿಯಲ್ಲಿದೆ, ಆ ಸರಣಿಯನ್ನು ಹಿಡಿದು ನಡೆಸುವವನು ಆತಿಥೇಯನು.

ಊಟದ ಸಮಯವನ್ನು ಹತ್ತಿರದಿಂದ ನೋಡಿದರೆ ಈ ಮಾತು ವಿಶದವಾದೀತು. ಕರೆನ್ನರು ಕೈಕುಲುಕುವಾಗ ಬಲಗೈಯನ್ನು ಚಾಚಿ, ಎಡಗೈಯಿಂದ ಬಲ ಮೊಳಕೈಯನ್ನು ಹಿಡಿದುಕೊಳ್ಳುತ್ತಾರೆ. ಅದು ಗೌರವದ ಕುರುಹು. ಬಳಿಕ ಕೇಳುವ ಪ್ರಶ್ನೆ ನಮ್ಮ ಹಳ್ಳಿಗಳದ್ದೇ: ಊಟವಾಯಿತೇ? ಆ ಊಟದ ಅಕ್ಕಿಯಾದರೋ ಬಹುಕಾಲದವರೆಗೆ ತಲೆಗಿಷ್ಟೆಂದು ತೂಗಿ ಕೊಡುತ್ತಿದ್ದ ಪಡಿತರದ ಅಕ್ಕಿಯಾಗಿತ್ತು. ಬೇಳೆ, ಎಣ್ಣೆ, ಉಪ್ಪು, ಮೀನಿನ ಹಿಂಡಿಗಳೂ ಹಾಗೆಯೇ ಅಳೆದು ಬರುತ್ತಿದ್ದವು. ದಾನಿಗಳ ಹಣ ಕುಗ್ಗಿದಂತೆಲ್ಲ ಆ ಅಳತೆಯೂ ಕುಗ್ಗಿತು. ಅಂಥ ಅಕ್ಕಿಯಿಂದ ಅನ್ನ ಮಾಡಿ, ವಿಮಾನದಲ್ಲಿ ಬಂದವನ ತಟ್ಟೆಗೆ ಮೊದಲು ಬಡಿಸಿದ ಗೃಹಿಣಿಯನ್ನು ಕೇವಲ ದಾನಪಾತ್ರಳೆಂದು ಕರೆಯಲು ನನ್ನ ಲೇಖನಿ ಒಪ್ಪುವುದಿಲ್ಲ. ಶಿಬಿರದ ದ್ವಾರವನ್ನು ದಾಟುವ ಹಕ್ಕಿಲ್ಲದಿದ್ದವಳು, ದಾಟಿ ಹೋಗಬಲ್ಲವನ ಮೇಲೆ ಅನ್ನದ ಮೂಲಕ ಒಂದು ಋಣವನ್ನು ಹೊರಿಸಿದಳು: ಕಂಡುದನ್ನು ಹೊರಗೆ ಹೇಳತಕ್ಕ ಋಣವದು. ಇಂಥ ಭೇಟಿಯಲ್ಲಿ ಕೊಡುವವರು ನಿರಾಶ್ರಿತರು, ಪಡೆಯುವವರು ಯಾತ್ರಿಕರು ಎಂಬುದೇ ನನ್ನ ಪ್ರತಿಪಾದನೆ.

ಈ ಪ್ರತಿಪಾದನೆಗೆ ಮಿತಿಗಳುಂಟು. ಮೊದಲನೆಯದಾಗಿ, ಋಣವನ್ನು ಹೊರಿಸುವುದು ಬೇರೆ, ಅದು ತೀರುವುದು ಬೇರೆ. ಯಾತ್ರಿಕನ ಸಂಕಲ್ಪ ಊರು ಸೇರಿದೊಡನೆ ತಣ್ಣಗಾಗುತ್ತದೆಂಬ ವೆರ್ ಬೀಕ್ ಅವರ ಎಚ್ಚರಿಕೆ ಇಲ್ಲಿಯೂ ಸಲ್ಲಬಹುದು. ಎರಡನೆಯದು ಇನ್ನೂ ಗಂಭೀರವಾದುದು. ಕರೆನ್ನರಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಬೌದ್ಧರೇ ಬಹುಮಂದಿ, ಮೇ ಲಾ ಶಿಬಿರದಲ್ಲಿ ಮುಸಲ್ಮಾನರೂ ಇದ್ದಾರೆ. 1994ರ ಡಿಸೆಂಬರಿನಲ್ಲಿ ಕರೆನ್ ಪಡೆಯ ಬೌದ್ಧ ಸೈನಿಕರು ಕ್ರೈಸ್ತಪ್ರಧಾನವಾದ ನಾಯಕತ್ವದಿಂದ ಸಿಡಿದು ಹೊರಬಂದರು. ಮನೆರ್‌ಪ್ಲಾದ ಪತನಕ್ಕೂ, 1997ರ ಜನವರಿಯಲ್ಲಿ ಮೇ ಲಾ ಮೇಲೆ ನಡೆದ ದಾಳಿಗೂ ಆ ಒಡಕು ಕಾರಣವಾಯಿತು. ಸಭಾತಂಡವು ಸಹಜವಾಗಿಯೇ ಕ್ರೈಸ್ತರ ಮನೆಯಲ್ಲಿ ಉಂಡು, ಅವರ ಕಥೆಯನ್ನು ಕೇಳಿ, ಅದನ್ನೇ ಸಮಸ್ತ ಕರೆನ್ನರ ಕಥೆಯೆಂದು ಸ್ವದೇಶದಲ್ಲಿ ಸಾರಿದರೆ, ಆ ಸಾಕ್ಷ್ಯವು ಹಳೆಯ ಗಾಯವನ್ನು ಕೆದಕೀತು. ಆದುದರಿಂದ ನನ್ನ ಮಾತು ಆತಿಥೇಯರಾಗಲು ಅವಕಾಶ ದೊರೆತವರಿಗೆ ಮಾತ್ರ ಅನ್ವಯಿಸುತ್ತದೆ. ಆ ಅವಕಾಶವೇ ಶಿಬಿರದಲ್ಲಿ ಸಮನಾಗಿ ಹಂಚಿಕೆಯಾಗಿಲ್ಲ.

ಪಕ್ಕದ ಗುಡಿಸಲಿನ ಬೌದ್ಧ ಕುಟುಂಬಕ್ಕೆ ಈ ಅತಿಥಿಗಳು ಹೇಗೆ ಕಾಣುತ್ತಾರೆ ಎಂಬ ಪ್ರಶ್ನೆಯನ್ನು ಕರೆನ್ ಭಾಷೆಯನ್ನು ಬಲ್ಲವರು ಕೈಗೆತ್ತಿಕೊಳ್ಳಬೇಕು. ಇನ್ನೊಂದು ಪ್ರಶ್ನೆಯನ್ನು ಕಾಲವೇ ಎತ್ತಿದೆ. 2005ರಿಂದೀಚೆಗೆ ಗಡಿಯ ಶಿಬಿರಗಳಿಂದ ಹೊರಟ ಸಹಸ್ರಾರು ಮಂದಿ ಕರೆನ್ನರು ಅಮೆರಿಕದಲ್ಲಿ ನೆಲಸಿ, ಮಿನ್ನೆಸೋಟ ಮೊದಲಾದೆಡೆಗಳಲ್ಲಿ ತಮ್ಮವೇ ಸಭೆಗಳನ್ನು ಕಟ್ಟಿಕೊಂಡಿದ್ದಾರೆ. ಶಿಬಿರವಾಸಿಗಳು ಹೊರಗೆ ದುಡಿಯಲು ಥಾಯ್ ಸಚಿವಸಂಪುಟ 2025ರ ಆಗಸ್ಟಿನಲ್ಲಿ ಸಮ್ಮತಿಸಿದೆ. ಒಂದು ಕಾಲಕ್ಕೆ ಬಡಿಸಿದವರ ಮಕ್ಕಳೇ ಅತಿಥಿಗಳಾಗಿ ಅದೇ ಬಿದಿರಿನ ನೆಲದ ಮೇಲೆ ಬಂದು ಕುಳಿತಾಗ, ಬಡಿಸುವವಳಿಗೆ ದ್ವಾರವನ್ನು ದಾಟುವ ದಾರಿಯೂ ತೆರೆದಿರುವಾಗ, ನಾನು ಋಣವೆಂದು ಕರೆದುದು ಯಾರಿಂದ ಯಾರಿಗೆ ಸಲ್ಲುವುದೆಂಬುದನ್ನು ಹೊಸದಾಗಿಯೇ ಲೆಕ್ಕ ಹಾಕಬೇಕಾದೀತು.